ಕನ್ನಡದ ಕಣ್ವ ಬಿ. ಎಂ. ಶ್ರೀ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡನಾಡಿನ ವಿದ್ಯಾವಂತರ ಬಾಳಿನಲ್ಲಿ ಒಂದು ವಿಚಿತ್ರವಾದ ಸ್ಥಿತಿ ಇದ್ದಿತು. ಮನೆಯಲ್ಲಿ ತಾಯಿಯೊಡನೆ, ಸಂತೆಯಲ್ಲಿ ವ್ಯಾಪಾರಿಯೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದ ತರುಣನು ಗೆಳೆಯನಿಗೆ ಒಂದು ಕಾಗದ ಬರೆಯಬೇಕಾದರೆ ಇಂಗ್ಲಿಷನ್ನು ಹಿಡಿಯುತ್ತಿದ್ದನು. ಕಾಲೇಜಿನಲ್ಲಿ ಇತಿಹಾಸ, ವಿಜ್ಞಾನ, ತರ್ಕ ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದವು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ದೊರೆಯುತ್ತಿದ್ದ ಮನ್ನಣೆ ಕನ್ನಡ ಪಂಡಿತರಿಗೆ ದೊರೆಯುತ್ತಿರಲಿಲ್ಲ. ಕನ್ನಡವನ್ನಾಡುವ ಜನರಾದರೋ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಸಾವಿರ ವರ್ಷಗಳಿಗೂ ಮಿಕ್ಕ ಸಾಹಿತ್ಯವುಳ್ಳ ಭಾಷೆಯೊಂದು ತನ್ನ ನೆಲದಲ್ಲಿಯೇ ತಲೆ ತಗ್ಗಿಸಿ ನಿಂತಿದ್ದಿತು. ಇಂತಹ ಕಾಲದಲ್ಲಿ ಕನ್ನಡದ ಕೈಹಿಡಿದು ಮೇಲೆತ್ತಿದವರಲ್ಲಿ ಪ್ರಮುಖರಾದವರು ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು. ಅವರೇ ಬಿ. ಎಂ. ಶ್ರೀಕಂಠಯ್ಯನವರು. ಕನ್ನಡಿಗರಿಗೆ ಅವರು 'ಬಿ. ಎಂ. ಶ್ರೀ' ಎಂದೇ ಪರಿಚಿತರು. 'ಶ್ರೀ' ಎಂಬುದು ಅವರ ಕಾವ್ಯನಾಮ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ ಜನಿಸಿದರು. ಅದು ಅವರ ತಾಯಿಯ ತವರೂರು. ತಂದೆಯ ಕಡೆಯ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಮಗನೂ ಬಿ. ಎ. ಪದವಿಯ ಅನಂತರ ಮದರಾಸಿನಲ್ಲಿ ಓದಿ ಕಾನೂನಿನ ಪದವಿಯನ್ನು ಪಡೆದರು. ಆದರೆ ಅವರ ಮನಸ್ಸು ನ್ಯಾಯಾಲಯದ ಕಡೆಗೆ ಹರಿಯಲಿಲ್ಲ, ಸಾಹಿತ್ಯದ ಕಡೆಗೆ ಹರಿಯಿತು. 1907ರಲ್ಲಿ ಎಂ. ಎ. ಪದವಿಯನ್ನು ಪಡೆದು, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನೇಮಕಗೊಂಡರು. ಅಲ್ಲಿಂದ ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಅವರ ಬಾಳು ಮೈಸೂರು ಸಂಸ್ಥಾನದ ಉನ್ನತ ವಿದ್ಯಾಭ್ಯಾಸದೊಡನೆ ಹೆಣೆದುಕೊಂಡಿತು.

ಇಂಗ್ಲಿಷ್ ಅಧ್ಯಾಪಕರ ಕರ್ತವ್ಯವೆಂದರೆ ಷೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದವರ ಕೃತಿಗಳನ್ನು ವಿದ್ಯಾರ್ಥಿಗಳಿಗೆ ಬೋಧಿಸುವುದು. ಶ್ರೀಯವರು ಈ ಕರ್ತವ್ಯವನ್ನು ಪ್ರೀತಿಯಿಂದ ನಿರ್ವಹಿಸಿದರು. ಇಂಗ್ಲಿಷ್ ಕಾವ್ಯದ ಸೊಗಸನ್ನು ಅವರು ಒಳಹೊಕ್ಕು ಕಂಡವರು. ಆ ಭಾಷೆಯ ಮೇಲೆ ಅವರಿಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಆ ಕಾವ್ಯವನ್ನು ಸವಿದಷ್ಟೂ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಬೆಳೆಯುತ್ತಾ ಹೋಯಿತು. ಒಂದು ಹೂವನ್ನು ಕಂಡ ಸಂತೋಷ, ಒಬ್ಬ ಬಡವಳ ಸಾವಿನ ಮರುಕ, ದೇಶದ ಮೇಲಿನ ಅಭಿಮಾನ ಇವೆಲ್ಲ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಗೀತೆಗಳಾಗಿ ಹೊಮ್ಮುತ್ತಿವೆ. ಅದೇ ಭಾವಗಳು ಕನ್ನಡಿಗನ ಎದೆಯಲ್ಲಿಯೂ ಇವೆ. ಅವನು ಅವುಗಳನ್ನು ಇಂದಿನ ಕನ್ನಡದಲ್ಲಿ ಏಕೆ ಹಾಡುತ್ತಿಲ್ಲ?

ಕನ್ನಡಕ್ಕೆ ಸಾಹಿತ್ಯವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಪಂಪ, ರನ್ನರಂತಹ ಮಹಾಕವಿಗಳೂ, ಬಸವಣ್ಣನವರೇ ಮೊದಲಾದ ವಚನಕಾರರೂ, ಕುಮಾರವ್ಯಾಸನೂ, ಹರಿದಾಸರೂ ಬಾಳಿದ ನಾಡು ಇದು. ಆದರೆ ಹಳಗನ್ನಡದ ಕಾವ್ಯಗಳು ಸಾಮಾನ್ಯ ಓದುಗನಿಂದ ದೂರವಾಗಿದ್ದವು. ಹೊಸದಾಗಿ ಬರೆಯುವವರಲ್ಲಿ ಹಲವರು ಹಳೆಯ ಕಾವ್ಯಗಳ ವರ್ಣನೆಗಳನ್ನೇ ಹಳೆಯ ಮಾತಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಜನರು ಆಡುವ ಕನ್ನಡ ಒಂದು, ಕಾವ್ಯದ ಕನ್ನಡ ಮತ್ತೊಂದು ಎಂಬಂತಾಗಿ, ಎರಡರ ನಡುವೆ ದೊಡ್ಡ ಕಂದರವಿದ್ದಿತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಶ್ರೀಯವರು ಮಾಡಿದ ಉಪನ್ಯಾಸದ ವಿಷಯ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬುದಾಗಿದ್ದಿತು. ಕನ್ನಡ ತಲೆ ತಗ್ಗಿಸಿದೆ ಎಂಬ ನೋವು, ಅದು ತಲೆಯೆತ್ತಲು ದಾರಿಯುಂಟು ಎಂಬ ಭರವಸೆ, ಈ ಎರಡೂ ಆ ಶೀರ್ಷಿಕೆಯಲ್ಲಿಯೇ ಅಡಗಿವೆ. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮುಂದಿನ ಮೂವತ್ತೈದು ವರ್ಷಗಳ ಅವರ ದುಡಿಮೆಯೆಲ್ಲ ಆ ಶೀರ್ಷಿಕೆಗೆ ಬರೆದ ವ್ಯಾಖ್ಯಾನದಂತಿದೆ.

ಹೊಸ ಭಾವಗಳಿಗೆ ಹೊಸ ರೂಪ ಬೇಕು. ಇಲ್ಲಿ ಶ್ರೀಯವರಿಗೆ ಎದುರಾದ ಮೊದಲ ಸಮಸ್ಯೆ ಛಂದಸ್ಸಿನದು. ಕಂದ, ವೃತ್ತ, ಷಟ್ಪದಿ ಮೊದಲಾದ ನಮ್ಮ ಹಳೆಯ ಪದ್ಯಜಾತಿಗಳಲ್ಲಿ ಆದಿಪ್ರಾಸವು ಕಡ್ಡಾಯವಾಗಿದ್ದಿತು. ಆದಿಪ್ರಾಸವೆಂದರೆ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮ. ಮೊದಲ ಪಾದವು 'ಮರ' ಎಂದು ಆರಂಭವಾದರೆ, ಉಳಿದ ಪಾದಗಳು 'ಸಿರಿ', 'ಕುರಿ', 'ಹರಿ' ಎಂಬಂತೆ ರಕಾರವನ್ನೇ ಎರಡನೆಯ ಸ್ಥಾನದಲ್ಲಿ ಪಡೆದಿರಬೇಕು. ಮಹಾಕವಿಗಳ ಕೈಯಲ್ಲಿ ಈ ನಿಯಮ ಕಾವ್ಯಕ್ಕೆ ಒಡವೆಯಾಯಿತು. ಸಾಮಾನ್ಯರ ಕೈಯಲ್ಲಿ ಇದು ಸಂಕೋಲೆಯಾಯಿತು. ಹೇಳಬೇಕಾದ ಮಾತಿಗೆ ತಕ್ಕ ಪದವನ್ನು ಬಿಟ್ಟು, ಪ್ರಾಸಕ್ಕೆ ಒದಗುವ ಪದವನ್ನು ಹುಡುಕಬೇಕಾಗಿ ಬಂದು, ಎಷ್ಟೋ ವೇಳೆ ಭಾವವೇ ಬಡವಾಗುತ್ತಿದ್ದಿತು.

ಈ ಕಟ್ಟನ್ನು ಸಡಿಲಿಸಿದವರು ಶ್ರೀಯವರೊಬ್ಬರೇ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಆದಿಪ್ರಾಸವನ್ನು ಬಿಟ್ಟು ಬರೆಯಲು ನಿರ್ಧರಿಸಿದ್ದರು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸುಲಭವಾದ ಹಾಡುಗಳನ್ನು ರಚಿಸಿದ್ದರು. ಹಟ್ಟಿಯಂಗಡಿ ನಾರಾಯಣರಾಯರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 'ಆಂಗ್ಲ ಕವಿತಾವಳಿ'ಯನ್ನು ಪ್ರಕಟಿಸಿದ್ದರು. ಹೀಗೆ ಹಲವರು ಹಲವೆಡೆ ಹುಡುಕುತ್ತಿದ್ದ ದಾರಿಯನ್ನು ಅಗಲಮಾಡಿ, ಇತರರು ಧೈರ್ಯವಾಗಿ ನಡೆಯಬಹುದಾದ ಹೆದ್ದಾರಿಯನ್ನಾಗಿಸಿದ ಹಿರಿಮೆ ಶ್ರೀಯವರದು.

ಅವರು ಹಿಡಿದ ಕ್ರಮ ಸರಳವಾದುದು. ಕನ್ನಡದ ಛಂದಸ್ಸಿನ ಜೀವ ಮಾತ್ರೆಗಳ ನಡೆಯಲ್ಲಿದೆ ಎಂಬುದನ್ನು ಅವರು ಗುರುತಿಸಿದರು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ. ಈ ಲೆಕ್ಕದಂತೆ 'ಮರದ' ಎಂಬುದು ಮೂರು ಮಾತ್ರೆಯ ಗಣ, 'ಮರದಲಿ' ಎಂಬುದು ನಾಲ್ಕು ಮಾತ್ರೆಯ ಗಣ, 'ಮರದಲ್ಲಿ' ಎಂಬುದು ಐದು ಮಾತ್ರೆಯ ಗಣ. ಇಂತಹ ಗಣಗಳನ್ನು ಒಂದೇ ತೆರನಾಗಿಯೋ, ಮೂರು ನಾಲ್ಕು ಎಂದು ಬೆರಸಿಯೋ ಜೋಡಿಸಿದರೆ ಬೇರೆ ಬೇರೆ ನಡೆಗಳು ಹುಟ್ಟುತ್ತವೆ. ಷಟ್ಪದಿಗಳಲ್ಲಿ, ರಗಳೆಗಳಲ್ಲಿ ಈ ನಡೆಗಳು ಮೊದಲಿನಿಂದಲೂ ಇದ್ದವು. ಶ್ರೀಯವರು ಈ ಹಳೆಯ ಗಣಗಳನ್ನೇ ಉಳಿಸಿಕೊಂಡು ಪಾದಗಳ ಉದ್ದವನ್ನೂ ಸಂಖ್ಯೆಯನ್ನೂ ಭಾವಕ್ಕೆ ಅನುಗುಣವಾಗಿ ಬದಲಾಯಿಸಿದರು. ಉದ್ದ ಪಾದದ ಪಕ್ಕದಲ್ಲಿ ಗಿಡ್ಡ ಪಾದ ಬಂದಿತು. ಆದಿಪ್ರಾಸವು ಬೇಕಾದಲ್ಲಿ ಉಳಿಯಿತು, ಬೇಡವಾದಲ್ಲಿ ಅಳಿಯಿತು. ಪಾದದ ಕೊನೆಯಲ್ಲಿ ಬರುವ ಅಂತ್ಯಪ್ರಾಸಕ್ಕೆ ಹೊಸ ಸ್ಥಾನ ದೊರೆಯಿತು. ಇಂಗ್ಲಿಷ್ ಕವಿತೆಯಿಂದ ಅವರು ಪಡೆದುದು ಕಟ್ಟಡದ ನಕ್ಷೆಯನ್ನು. ಕಟ್ಟಿದ ಕಲ್ಲು ಕನ್ನಡದ ನೆಲದ್ದೇ.

ಈ ಪ್ರಯೋಗಗಳ ಫಲವೇ 'ಇಂಗ್ಲಿಷ್ ಗೀತಗಳು'. ಮೊದಲು 1921ರಲ್ಲಿ ಚಿಕ್ಕ ಪುಸ್ತಕವಾಗಿ ಬಂದ ಈ ಸಂಕಲನವು 1926ರಲ್ಲಿ ವಿಸ್ತಾರಗೊಂಡು ಮತ್ತೆ ಪ್ರಕಟವಾಯಿತು. ಇದರಲ್ಲಿ ಸುಮಾರು ಅರವತ್ತು ಕವಿತೆಗಳಿವೆ. ಬಹುಪಾಲು ಕವಿತೆಗಳ ಮೂಲವು ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ 'ಗೋಲ್ಡನ್ ಟ್ರೆಷರಿ' ಎಂಬ ಪದ್ಯಸಂಗ್ರಹ. ವರ್ಡ್ಸ್‌ವರ್ತ್, ಷೆಲ್ಲಿ, ಬೈರನ್, ಸ್ಕಾಟ್, ಬರ್ನ್ಸ್ ಮುಂತಾದ ಕವಿಗಳು ಈ ಪುಸ್ತಕದಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ. ತರಗತಿಯಲ್ಲಿ ದಿನವೂ ವಿವರಿಸುತ್ತಿದ್ದ ಪದ್ಯಗಳನ್ನೇ ಅಧ್ಯಾಪಕರು ಮನೆಗೆ ಕೊಂಡೊಯ್ದು ಕನ್ನಡವಾಗಿಸಿದರೆಂದು ಹೇಳಿದರೆ ತಪ್ಪಾಗಲಾರದು.

ಶ್ರೀಯವರ ಅನುವಾದದ ರೀತಿಯನ್ನು ತಿಳಿಯಲು ಒಂದೆರಡು ಉದಾಹರಣೆಗಳನ್ನು ನೋಡಬಹುದು. ಥಾಮಸ್ ಕ್ಯಾಂಬೆಲ್ ಎಂಬ ಕವಿಯು ಸ್ಕಾಟ್ಲೆಂಡಿನ ಕಥೆಯೊಂದನ್ನು ಹಾಡಿದ್ದಾನೆ. ಅಲಿನ್ ಪ್ರಭುವಿನ ಮಗಳು ತಾನು ಮೆಚ್ಚಿದ ತರುಣ ನಾಯಕನೊಡನೆ ಮನೆಬಿಟ್ಟು ಹೊರಟಿದ್ದಾಳೆ. ತಂದೆಯ ಸವಾರರು ಬೆನ್ನಟ್ಟಿ ಬರುತ್ತಿದ್ದಾರೆ. ಬಿರುಗಾಳಿ ಎದ್ದಿದ್ದರೂ ಅಂಬಿಗನು ಅವರನ್ನು ದೋಣಿಯಲ್ಲಿ ಕರೆದೊಯ್ಯಲು ಒಪ್ಪುತ್ತಾನೆ. ತಂದೆ ದಡಕ್ಕೆ ಬರುವ ವೇಳೆಗೆ ದೋಣಿ ಮುಳುಗುತ್ತಿರುತ್ತದೆ. ಅವನ ಕೋಪ ಕರಗಿ ಗೋಳಾಗುತ್ತದೆ, ಕ್ಷಮಿಸಿದೆನೆಂದು ಕೂಗುತ್ತಾನೆ, ಆದರೆ ಕಾಲ ಮಿಂಚಿಹೋಗಿದೆ. ಈ ಕವಿತೆ ಶ್ರೀಯವರಲ್ಲಿ 'ಕಾರಿ ಹೆಗ್ಗಡೆಯ ಮಗಳು' ಎಂದಾಯಿತು. ಅಲಿನ್ ಪ್ರಭುವು ಹೆಗ್ಗಡೆಯಾದನು, ನಾಯಕನು ಗೌಡನಾದನು, ಅಂಬಿಗನು ತೊರೆಯನಾದನು. ಪದ್ಯದ ನಡೆಯಂತೂ ಮೂರು ನಾಲ್ಕು ಮಾತ್ರೆಗಳ ಗಣಗಳು ಕೂಡಿದ, ಭಾಮಿನಿ ಷಟ್ಪದಿಯಲ್ಲಿ ಕನ್ನಡಿಗರು ಶತಮಾನಗಳಿಂದ ಕೇಳಿದ ನಡೆ. ಮೊದಲ ಸಾಲುಗಳಲ್ಲಿ ಆದಿಪ್ರಾಸವೂ ಇದೆ. ಮೂಲವನ್ನು ಅರಿಯದವರು ಇದನ್ನು ನಮ್ಮದೇ ಕರಾವಳಿಯ ಕಥೆಯೆಂದು ತಿಳಿಯುವರು. ಹಾಗೆಯೇ ಬರ್ನ್ಸ್ ಕವಿಯ ಹಳ್ಳಿಯ ಪ್ರಣಯಿಗಳು 'ಮಾದ ಮಾದಿ' ಎಂಬ ಹೆಸರು ಹೊತ್ತು ಕನ್ನಡದ ಹಳ್ಳಿಗೆ ಬಂದರು.

ಮತ್ತೊಂದು ಉದಾಹರಣೆ ನ್ಯೂಮನ್ನನ ಪ್ರಾರ್ಥನಾಗೀತೆ. ಇಂಗ್ಲೆಂಡಿನ ಧರ್ಮಗುರುವಾದ ಜಾನ್ ಹೆನ್ರಿ ನ್ಯೂಮನ್ನನು 1833ರಲ್ಲಿ ಸಮುದ್ರಪ್ರಯಾಣದಲ್ಲಿದ್ದಾಗ ಅದನ್ನು ಬರೆದನು. ಕತ್ತಲು ಕವಿದ ದಾರಿಯಲ್ಲಿ ಮನೆಯಿಂದ ದೂರವಾದವನು ಬೆಳಕನ್ನು ಕರೆಯುವ ಗೀತೆ ಅದು. ಮುಂದಿನ ದೂರವನ್ನೆಲ್ಲ ಕಾಣಿಸೆಂದು ಅವನು ಬೇಡುವುದಿಲ್ಲ, ಒಂದು ಹೆಜ್ಜೆಗೆ ಸಾಕಾಗುವಷ್ಟು ಬೆಳಕನ್ನು ಮಾತ್ರ ಬೇಡುತ್ತಾನೆ. ಗಾಂಧೀಜಿಯವರಿಗೆ ಮೂಲಗೀತೆ ಪ್ರಿಯವಾಗಿದ್ದಿತು. ಶ್ರೀಯವರು ಅದನ್ನು ಐದು ಮಾತ್ರೆಗಳ ಮೆಲುನಡೆಯಲ್ಲಿ, ಉದ್ದ ಗಿಡ್ಡ ಪಾದಗಳನ್ನು ಹೊಂದಿಸಿ 'ಪ್ರಾರ್ಥನೆ' ಎಂಬ ಕವಿತೆಯಾಗಿ ತಂದರು. ಅದು ಕ್ರೈಸ್ತ ಧರ್ಮಗುರುವಿನ ರಚನೆಯೆಂಬುದನ್ನು ಅರಿಯದೆಯೇ ಕನ್ನಡನಾಡಿನ ಶಾಲೆಗಳಲ್ಲಿ, ಸಭೆಗಳಲ್ಲಿ ಎಷ್ಟೋ ಜನರು ಅದನ್ನು ಹಾಡಿದ್ದಾರೆ. ಅನುವಾದಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇರೆ ಯಾವುದಿದೆ?

'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯದ ವಸ್ತುವನ್ನೂ ವಿಸ್ತರಿಸಿತು. ರಾಜರು, ದೇವತೆಗಳು, ಪುರಾಣದ ವೀರರು ಇವರೇ ಕಾವ್ಯಕ್ಕೆ ಯೋಗ್ಯರೆಂಬ ಭಾವನೆ ಅನೇಕರಲ್ಲಿ ಬಲವಾಗಿದ್ದಿತು. ಥಾಮಸ್ ಹುಡ್ ಎಂಬ ಕವಿಯ ಗೀತೆಯೊಂದರಲ್ಲಿ ದಿಕ್ಕಿಲ್ಲದ ಹೆಣ್ಣೊಬ್ಬಳು ಲಂಡನ್ನಿನ ನದಿಗೆ ಬಿದ್ದು ಪ್ರಾಣ ಬಿಟ್ಟಿದ್ದಾಳೆ. ಆಕೆಯ ತಪ್ಪನ್ನು ಎಣಿಸದೆ, ಮೃದುವಾಗಿ ಮೇಲೆತ್ತಿರೆಂದು ಕವಿ ಬೇಡುತ್ತಾನೆ. ಶ್ರೀಯವರು ಅದನ್ನು 'ದುಃಖಸೇತು' ಎಂಬ ಹೆಸರಿನಿಂದ ಕನ್ನಡಿಸಿದರು. ಹೆಸರಿಲ್ಲದ ಬಡ ಹೆಣ್ಣಿನ ಅಳಲೂ ಕಾವ್ಯದ ವಸ್ತುವಾಗಬಲ್ಲುದೆಂಬುದನ್ನು ತರುಣ ಕವಿಗಳು ಇಂತಹ ಗೀತೆಗಳಲ್ಲಿ ಕಂಡರು. ಮುಂದೆ ಬಂದ ನವೋದಯ ಕಾವ್ಯದಲ್ಲಿ ನೇಗಿಲು ಹಿಡಿದ ರೈತ, ಮಲೆನಾಡಿನ ಕಾಡು, ಮನೆಯ ಮಗು ಇವರೆಲ್ಲರಿಗೂ ಸ್ಥಾನ ದೊರೆತುದಕ್ಕೆ ಈ ಪುಸ್ತಕವೂ ಒಂದು ಕಾರಣ.

ಹೊಸತನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಪ್ರಾಸವನ್ನು ಬಿಟ್ಟುದು ಸಂಪ್ರದಾಯಸ್ಥ ಪಂಡಿತರಿಗೆ ಸರಿತೋರಲಿಲ್ಲ. ಪರಭಾಷೆಯ ಹಾಡುಗಳನ್ನು ತರುವುದರಿಂದ ಕನ್ನಡಕ್ಕೆ ಲಾಭವೇನೆಂದು ಕೇಳುವವರಿದ್ದರು. ಈ ಪ್ರಶ್ನೆ ಹಗುರವಾದುದಲ್ಲ. ಸಾಲ ತಂದ ಹಣದಿಂದ ಮನೆಯನ್ನು ಬಹುಕಾಲ ನಡೆಸಲಾಗುವುದಿಲ್ಲ. ಆದರೆ ಬಿತ್ತನೆಯ ಬೀಜವನ್ನು ನೆರೆಯವನಿಂದ ತಂದ ರೈತನು ನಾಚಬೇಕಾಗಿಲ್ಲ. ಬೆಳೆಯು ಅವನ ಹೊಲದ ಸಾರದಿಂದಲೇ ಬೆಳೆಯುತ್ತದೆ. ಪಂಪನೂ ರನ್ನನೂ ಸಂಸ್ಕೃತದ ಮಹಾಭಾರತವನ್ನು ಹೀಗೆಯೇ ಕನ್ನಡದ ಬೆಳೆಯನ್ನಾಗಿಸಿದ್ದರು. ಶ್ರೀಯವರ ಅನುವಾದಗಳೂ ಬೀಜಗಳೆಂಬುದಕ್ಕೆ ಮುಂದಿನ ಎರಡು ಮೂರು ದಶಕಗಳ ಸ್ವತಂತ್ರ ಕಾವ್ಯಸಮೃದ್ಧಿಯೇ ಸಾಕ್ಷಿ.

ಬೀಜ ಬಿದ್ದ ಮೊದಲ ನೆಲ ಅವರ ತರಗತಿಯೇ. ಮಹಾರಾಜಾ ಕಾಲೇಜಿನಲ್ಲಿ ಅವರ ಪ್ರಭಾವಕ್ಕೆ ಒಳಗಾದ ವಿದ್ಯಾರ್ಥಿಗಳಲ್ಲಿ ಕುವೆಂಪು, ಎಸ್. ವಿ. ರಂಗಣ್ಣ, ತೀ. ನಂ. ಶ್ರೀಕಂಠಯ್ಯ ಮುಂತಾದವರು ಸೇರಿದ್ದಾರೆ. ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿಯೇ ಕವಿತೆ ಬರೆಯುತ್ತಿದ್ದವರು; 1922ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಕಿರುಹೊತ್ತಗೆಯೂ ಪ್ರಕಟವಾಗಿದ್ದಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ತಿಳಿಯಹೇಳಿದ ಮೇಲೆ ಅವರು ಕನ್ನಡಕ್ಕೆ ತಿರುಗಿದರು. ಹಾಗೆ ತಿರುಗಿದ ತರುಣನಿಗೆ ಕನ್ನಡದಲ್ಲಿಯೂ ಹೊಸ ರೀತಿಯ ಕವಿತೆ ಸಾಧ್ಯವೆಂದು ತೋರಿಸುವ ವಾತಾವರಣ ಮೈಸೂರಿನಲ್ಲಿ ಸಿದ್ಧವಾಗಿದ್ದಿತು. ಇಂಗ್ಲಿಷನ್ನು ಕಲಿಸಲು ನೇಮಕಗೊಂಡ ಪ್ರಾಧ್ಯಾಪಕರೇ ಕನ್ನಡದಲ್ಲಿ ಬರೆಯುತ್ತಿರುವಾಗ, ಕನ್ನಡವು ಕೀಳೆಂಬ ಭಾವನೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಲ್ಲುವುದು ಹೇಗೆ? ತಮ್ಮ ಹುದ್ದೆಗೆ ಸಮಾಜವು ಕೊಟ್ಟ ಗೌರವವನ್ನು ಶ್ರೀಯವರು ಹೀಗೆ ಕನ್ನಡದ ಲೆಕ್ಕಕ್ಕೆ ಜಮಾ ಮಾಡಿದರು.

1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. 1916ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಉನ್ನತ ವ್ಯಾಸಂಗದ ಸ್ಥಾನ ದೊರೆಯಬೇಕೆಂಬುದು ಅವರ ಹಂಬಲ. 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು; ಅದರ ಹಿಂದೆ ಶ್ರೀಯವರ ಪ್ರಯತ್ನ ಬಹಳವಾಗಿದ್ದಿತು. ಟಿ. ಎಸ್. ವೆಂಕಣ್ಣಯ್ಯ, ಎ. ಆರ್. ಕೃಷ್ಣಶಾಸ್ತ್ರಿಗಳಂತಹ ವಿದ್ವಾಂಸರು ಅಲ್ಲಿ ಪಾಠ ಹೇಳಿದರು. ಮೊದಲ ತಂಡದಲ್ಲಿಯೇ ಕುವೆಂಪು ವಿದ್ಯಾರ್ಥಿಯಾಗಿದ್ದರು. ಕನ್ನಡವನ್ನು ಓದಿಯೂ ವಿಶ್ವವಿದ್ಯಾನಿಲಯದ ಅತ್ಯುನ್ನತ ಪದವಿಯನ್ನು ಪಡೆಯಬಹುದೆಂಬುದು ಅಂದಿನ ತರುಣರಿಗೆ ಹೊಸ ಬಾಗಿಲನ್ನು ತೆರೆಯಿತು. ಕವಿತೆಯಿಂದ ಭಾಷೆಗೆ ಜೀವ ಬರುತ್ತದೆ, ಆದರೆ ವಿದ್ಯಾಸಂಸ್ಥೆಯಲ್ಲಿ ಸ್ಥಾನವಿಲ್ಲದಿದ್ದರೆ ಆ ಜೀವ ನೆಲೆಯೂರುವುದು ಕಷ್ಟ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ನಾಟಕ ಕ್ಷೇತ್ರದಲ್ಲಿಯೂ ಶ್ರೀಯವರು ಇದೇ ಬಗೆಯ ಸೇತುವೆಯನ್ನು ಕಟ್ಟಿದರು. ಗ್ರೀಕರ ರುದ್ರನಾಟಕಗಳಲ್ಲಿ ಹಿರಿಮೆಯುಳ್ಳ ವ್ಯಕ್ತಿಯೊಬ್ಬನು ತನ್ನ ಸ್ವಭಾವದ ದೋಷದಿಂದಲೋ ವಿಧಿಯ ಬಲದಿಂದಲೋ ಪತನ ಹೊಂದುತ್ತಾನೆ. ನೋಡುವವರಲ್ಲಿ ಭಯವೂ ಮರುಕವೂ ಮೂಡುತ್ತವೆ. ಈ ದೃಷ್ಟಿಯಿಂದ ಅವರು ಹತ್ತನೆಯ ಶತಮಾನದ ಕವಿ ರನ್ನನ 'ಗದಾಯುದ್ಧ'ವನ್ನು ನೋಡಿದಾಗ, ಅಲ್ಲಿನ ದುರ್ಯೋಧನನಲ್ಲಿ ರುದ್ರನಾಯಕನೊಬ್ಬನನ್ನು ಕಂಡರು. ತಮ್ಮಂದಿರನ್ನೂ ಗೆಳೆಯ ಕರ್ಣನನ್ನೂ ಕಳೆದುಕೊಂಡು, ರಣರಂಗದಲ್ಲಿ ಒಬ್ಬಂಟಿಯಾಗಿ ನಿಂತರೂ ಛಲ ಬಿಡದ ವೀರ ಅವನು. ರನ್ನನ ಪದ್ಯಗಳನ್ನೇ ಬಹುಮಟ್ಟಿಗೆ ಬಳಸಿಕೊಂಡು ಶ್ರೀಯವರು 'ಗದಾಯುದ್ಧ ನಾಟಕಂ' ಎಂಬ ದೃಶ್ಯಕೃತಿಯನ್ನು ರಚಿಸಿದರು. ಗ್ರೀಕರ ನಾಟಕಗಳ ಪರಿಚಯವು ಹಳೆಯ ಕನ್ನಡ ಕಾವ್ಯದ ಮೇಲೆ ಹೊಸ ಬೆಳಕು ಬೀರಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಅನಂತರ 1929ರಲ್ಲಿ ಬಂದ 'ಅಶ್ವತ್ಥಾಮನ್' ಇನ್ನೂ ಧೀರವಾದ ಪ್ರಯೋಗ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ 'ಅಯಾಸ್' ಅಥವಾ 'ಏಜಾಕ್ಸ್' ಎಂಬ ನಾಟಕದಲ್ಲಿ ಅವಮಾನದಿಂದ ಬುದ್ಧಿಗೆಟ್ಟ ವೀರನು ಶತ್ರುಗಳೆಂದು ಭ್ರಮಿಸಿ ಪಶುಗಳನ್ನು ಕೊಲ್ಲುತ್ತಾನೆ. ಅರಿವು ಮರಳಿದ ಮೇಲೆ ನಾಚಿಕೆಯಿಂದ ಪ್ರಾಣವನ್ನು ನೀಗುತ್ತಾನೆ. ಈ ಚೌಕಟ್ಟಿನೊಳಗೆ ಶ್ರೀಯವರು ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿ, ಹಳಗನ್ನಡದ ಗಂಭೀರ ಶೈಲಿಯಲ್ಲಿ ನಾಟಕವನ್ನು ಬರೆದರು. ನಮ್ಮ ನಂಬಿಕೆಯಂತೆ ಅಶ್ವತ್ಥಾಮನು ಚಿರಂಜೀವಿ. ಅವನಿಗೆ ಸಾವನ್ನು ತಂದುದು ಉಚಿತವೇ ಎಂಬ ಚರ್ಚೆಯನ್ನು ಈ ನಾಟಕ ಎಬ್ಬಿಸಿತು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಅನುವಾದಿಸಿದರು. ಸಲಾಮಿಸ್ ಯುದ್ಧದಲ್ಲಿ ಗ್ರೀಕರಿಂದ ಸೋತ ಪಾರಸಿಕರ ಅಳಲೇ ಅದರ ವಸ್ತು. ಗೆದ್ದ ನಾಡಿನ ಕವಿಯೊಬ್ಬನು ಸೋತ ಶತ್ರುವಿನ ಕಣ್ಣೀರನ್ನು ತನ್ನ ಜನರಿಗೆ ತೋರಿಸಿದ ನಾಟಕ ಅದು.

ಹೊಸಗನ್ನಡದ ಕವಿತೆಗೆ ದಾರಿ ಮಾಡಿದವರೇ ನಾಟಕಕ್ಕೆ ಹಳಗನ್ನಡವನ್ನು ಬಳಸಿದುದು ಕೆಲವರಿಗೆ ಆಶ್ಚರ್ಯವಾಗಬಹುದು. ಶ್ರೀಯವರಿಗೆ ಹಳೆಯದು, ಹೊಸದು ಎಂಬ ಹಗೆತನ ಇರಲಿಲ್ಲ. 'ಕನ್ನಡ ಬಾವುಟ' ಎಂಬ ಸಂಕಲನದಲ್ಲಿ ಅವರು ಹಳೆಯ ಕಾಲದಿಂದ ತಮ್ಮ ಕಾಲದವರೆಗಿನ ಕವಿಗಳ ಆಯ್ದ ಪದ್ಯಗಳನ್ನು ಒಟ್ಟುಗೂಡಿಸಿದರು. ಕನ್ನಡ ಛಂದಸ್ಸಿನ ಬೆಳವಣಿಗೆಯನ್ನು ಕುರಿತು ವಿದ್ವತ್ಪೂರ್ಣವಾಗಿ ಬರೆದರು. ಹಳೆಯ ಬೇರನ್ನು ಕಡಿದರೆ ಹೊಸ ಚಿಗುರು ಒಣಗುವುದೆಂಬ ಎಚ್ಚರ ಅವರಿಗಿದ್ದಿತು.

1928ರಲ್ಲಿ ಕಲಬುರಗಿಯಲ್ಲಿ ನಡೆದ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರು ಅಧ್ಯಕ್ಷರಾದರು. ಕಲಬುರಗಿ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಿತು. ಮೈಸೂರಿನ ಪ್ರಾಧ್ಯಾಪಕರೊಬ್ಬರು ಅಲ್ಲಿಗೆ ಹೋಗಿ ಕನ್ನಡದ ಮಾತನಾಡಿದುದು, ಗಡಿಗಳಿಂದ ಬೇರೆಯಾದ ಜನರಿಗೆ ಭಾಷೆಯೊಂದೇ ಎಂಬುದನ್ನು ನೆನಪಿಸಿತು. 1930ರಲ್ಲಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಂದು, 1942ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿ ಸೇವೆ ಸಲ್ಲಿಸಿದರು. 1938ರಲ್ಲಿ ಮೈಸೂರು ಮಹಾರಾಜರಿಂದ 'ರಾಜಸೇವಾಸಕ್ತ' ಎಂಬ ಬಿರುದು ದೊರೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ದುಡಿದ ವರ್ಷಗಳಲ್ಲಿ 'ಕನ್ನಡ ನುಡಿ' ಪತ್ರಿಕೆಯೂ, 'ಕಾವ', 'ಜಾಣ' ಎಂಬ ಕನ್ನಡ ಪರೀಕ್ಷೆಗಳೂ ನಡೆದವು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಕನ್ನಡವನ್ನು ಕ್ರಮವಾಗಿ ಓದುವ ಅವಕಾಶ ಇಂತಹ ಪರೀಕ್ಷೆಗಳಿಂದ ಒದಗಿತು.

ನಿವೃತ್ತಿಯ ಅನಂತರವೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. 1944ರಲ್ಲಿ ಧಾರವಾಡದಲ್ಲಿ ಹೊಸದಾಗಿ ಆರಂಭವಾದ ಕಲಾ ಕಾಲೇಜೊಂದಕ್ಕೆ ಪ್ರಾಂಶುಪಾಲರಾಗಿ ಹೋದರು. ಆಗ ಅವರಿಗೆ ಅರವತ್ತು ವರ್ಷ. ಮೂವತ್ತಮೂರು ವರ್ಷಗಳ ಹಿಂದೆ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ ಊರಿನಲ್ಲಿಯೇ ಅವರು ತಮ್ಮ ಕೊನೆಯ ದಿನಗಳನ್ನು ಕಳೆದರು. ಅಷ್ಟರಲ್ಲಿ ಆ ಊರು ಬೇಂದ್ರೆಯವರ ಮತ್ತು ಗೆಳೆಯರ ಗುಂಪಿನ ಕವಿತೆಗಳಿಂದ ಹೊಸಗನ್ನಡದ ಇನ್ನೊಂದು ನೆಲೆಯಾಗಿ ಬೆಳೆದಿದ್ದಿತು. 1946ರ ಜನವರಿ 5ರಂದು ಶ್ರೀಯವರು ಧಾರವಾಡದಲ್ಲಿ ನಿಧನರಾದರು. ಕನ್ನಡ ಪ್ರದೇಶಗಳು 1956ರಲ್ಲಿ ಒಂದೇ ರಾಜ್ಯವಾದುದನ್ನು ನೋಡುವ ಭಾಗ್ಯ ಅವರಿಗೆ ಲಭಿಸಲಿಲ್ಲ.

ಶ್ರೀಯವರ ಸ್ವಂತ ಕವಿತೆಗಳ ಸಂಖ್ಯೆ ಹೆಚ್ಚಲ್ಲ. 'ಹೊಂಗನಸುಗಳು' ಎಂಬ ಸಂಗ್ರಹದಲ್ಲಿ ಅವರ ಸ್ವತಂತ್ರ ರಚನೆಗಳಿವೆ. ಅವರಿಂದ ಪ್ರೇರಣೆ ಪಡೆದ ಕುವೆಂಪು ಅವರಂತಹ ಕಿರಿಯರು ಬರೆದ ರಾಶಿಯ ಎದುರಿಗೆ ಅದು ಚಿಕ್ಕದಾಗಿ ಕಾಣುತ್ತದೆ. ತರಗತಿ, ಕಚೇರಿ, ಪರಿಷತ್ತು, ಭಾಷಣ ಇವುಗಳಿಗೆ ಕೊಟ್ಟ ಕಾಲವನ್ನು ಅವರು ತಮ್ಮ ಕಾವ್ಯಕ್ಕೇ ಕೊಟ್ಟಿದ್ದರೆ ಇನ್ನೂ ಹೆಚ್ಚು ಬರೆಯಬಹುದಾಗಿದ್ದಿತು. ಆದರೆ ತಾವು ಬರೆಯುವುದಕ್ಕಿಂತಲೂ, ಬರೆಯಬಲ್ಲವರಿಗೆ ನೆಲ ಹದಮಾಡುವುದು ಅವರಿಗೆ ಮುಖ್ಯವಾಯಿತು.

ಶ್ರೀಯವರನ್ನು 'ಕನ್ನಡದ ಕಣ್ವ' ಎಂದು ಕರೆಯುವುದುಂಟು. ಕಣ್ವಮಹರ್ಷಿಯು ಶಕುಂತಲೆಗೆ ಹೆತ್ತ ತಂದೆಯಲ್ಲ; ಬೇರೆಯವರ ಮಗುವನ್ನು ತನ್ನ ಆಶ್ರಮದಲ್ಲಿ ಅಕ್ಕರೆಯಿಂದ ಬೆಳೆಸಿ, ಅವಳು ಸೇರಬೇಕಾದ ಮನೆಗೆ ಕಳುಹಿಸಿಕೊಟ್ಟವನು. ಬೇರೆ ಭಾಷೆಯಲ್ಲಿ ಹುಟ್ಟಿದ ಕವಿತೆಗಳನ್ನು ಕನ್ನಡದ ಮಕ್ಕಳಂತೆ ಸಾಕಿದವರಿಗೆ, ಬೇರೆ ಮನೆಗಳಿಂದ ಬಂದ ವಿದ್ಯಾರ್ಥಿಗಳನ್ನು ಕವಿಗಳಾಗಿ ಬೆಳೆಸಿ ನಾಡಿಗೆ ಕೊಟ್ಟವರಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ಇಂಗ್ಲಿಷನ್ನು ಕಲಿಸುತ್ತಾ ಕನ್ನಡದಲ್ಲಿ ಬರೆಯುವ ಈ ಪರಂಪರೆ ಅವರೊಡನೆ ಮುಗಿಯಲಿಲ್ಲ. ಎಸ್. ವಿ. ರಂಗಣ್ಣ, ಎ. ಎನ್. ಮೂರ್ತಿರಾವ್, ವಿ. ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ ಇವರೆಲ್ಲರೂ ಇಂಗ್ಲಿಷ್ ಅಧ್ಯಾಪಕರೇ. ಕನ್ನಡದ ಹಿರಿಯ ಲೇಖಕರೂ ಹೌದು. ಇವರಲ್ಲಿ ಗೋಕಾಕರೂ ಅನಂತಮೂರ್ತಿಯವರೂ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲ, ಇನ್ನೊಂದನ್ನು ಕಲಿತವರು ತಮ್ಮದನ್ನು ಮರೆಯಬೇಕಾಗಿಯೂ ಇಲ್ಲ ಎಂಬುದಕ್ಕೆ ಇವರ ಜೀವನಗಳು ನಿದರ್ಶನಗಳಾಗಿವೆ. ಹೊರಗೆ ಕಲಿತುದನ್ನು ತನ್ನ ಜನರ ಮಾತಿನಲ್ಲಿ, ತನ್ನ ಜನರಿಗೆ ತಿಳಿಯುವಂತೆ ಹೇಳುವುದು ವಿದ್ಯಾವಂತನ ಹೊಣೆ. ಆ ಹೊಣೆಯನ್ನು ಬಿ. ಎಂ. ಶ್ರೀಯವರು ಜೀವನದುದ್ದಕ್ಕೂ ಹೊತ್ತು ನಡೆದರು.